ಉದ್ಯಾನದ ಜಾಗ ಖಾಲಿ ಜಾಗವಲ್ಲ

ಮಾನ್ಯ ಓದುಗರೇ,

ಕೋಲಾರದ ಹೊರವಲಯದ ತಮ್ಮ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಸಮುದಾಯ ಭವನ ಕಟ್ಟುವ ಸಿದ್ಧತೆ ನಡೆದಿದೆಯೆಂದೂ, ಬಹುಕಾಲದಿಂದ ಅಲ್ಲಿ ಪಾರ್ಥೇನಿಯಂ ಮತ್ತು ಕಟ್ಟಡದ ಕಸದ ಹೊರತು ಏನೂ ಇಲ್ಲದ ಕಾರಣ ನೆರೆಹೊರೆಯ ಹಲವರು ಅದನ್ನು ಸ್ವಾಗತಿಸುತ್ತಿದ್ದಾರೆಂದೂ ತಾವು ಬರೆದಿದ್ದೀರಿ. ಜನರಿಗೇ ಉಪಯೋಗವಾಗುವ ಕೆಲಸವನ್ನು ವಿರೋಧಿಸುವುದು ಸರಿಯೇ ಎಂದು ಕೇಳಿದ್ದೀರಿ. ಸರಿ ಎಂಬುದೇ ನಮ್ಮ ಉತ್ತರ.

ಬೇಲಿ ಸರಿಸಿ ಒತ್ತುವರಿ ಮಾಡುವವನನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ನಮ್ಮ ಊರುಗಳಲ್ಲಿ ಬಯಲು ಕರಗುವುದು ಹೆಚ್ಚಾಗಿ ಒಳ್ಳೆಯ ಕೆಲಸಗಳ ಹೆಸರಿನಲ್ಲಿಯೇ: ಒಂದು ಗುಡಿ, ಒಂದು ನೀರಿನ ಟ್ಯಾಂಕು, ಒಂದು ವಾಚನಾಲಯ, ಒಂದು ಭವನ. ಹಳ್ಳಿಗಳಲ್ಲಿ ದಾರಿಹೋಕರ ನೆರಳಿಗೂ ದನಗಳ ವಿಶ್ರಾಂತಿಗೂ ಹಿರಿಯರು ಬಿಟ್ಟಿದ್ದ ಗುಂಡುತೋಪುಗಳಲ್ಲಿ ಎಷ್ಟೋ ಹೀಗೆಯೇ ಹೋದವು. ಹುಣಸೆ, ಹೊಂಗೆ, ನೇರಳೆಯ ಆ ನೆರಳನ್ನು ಕಂಡವರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ನಿವೇಶನವೊಂದನ್ನು ಅಂದಿನ ಮುಖ್ಯಮಂತ್ರಿಗಳ ಸೂಚನೆಯಂತೆ ಖಾಸಗಿ ಆಸ್ಪತ್ರೆಗೆ ಹಂಚಿಕೆ ಮಾಡಿದಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಗಿಂತ ಒಳ್ಳೆಯ ಕೆಲಸ ಯಾವುದು ಎಂಬ ವಾದ ಅಲ್ಲಿಯೂ ಇತ್ತು. ಆದರೂ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಊರ್ಜಿತವಲ್ಲವೆಂದಿತು. ಯೋಜನೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಬಯಲನ್ನು ಅಧಿಕಾರದಲ್ಲಿರುವವರು ಮನಬಂದಂತೆ ಬೇರೆ ಕಾರ್ಯಕ್ಕೆ ತಿರುಗಿಸಲಾಗದೆಂದೂ, ಅದನ್ನು ಪ್ರಶ್ನಿಸುವ ಹಕ್ಕು ಸುತ್ತಲಿನ ನಿವಾಸಿಗಳಿಗಿದೆಯೆಂದೂ ಸ್ಪಷ್ಟಪಡಿಸಿತು. ತಮ್ಮ ಊರಿನ ಭವನ ಖಾಸಗಿಯದಲ್ಲ, ಆದ್ದರಿಂದ ಎರಡೂ ಪ್ರಕರಣಗಳು ಪೂರ್ತಿ ಒಂದೇ ಅಲ್ಲ ಎಂಬುದನ್ನು ಒಪ್ಪುತ್ತೇವೆ. ಆದರೆ ಬಿಟ್ಟ ಜಾಗದ ಉದ್ದೇಶವನ್ನು ನಿರ್ಧರಿಸುವುದು ಬಡಾವಣೆಯ ನಕ್ಷೆಯೇ ಹೊರತು ಈ ಹೊತ್ತಿನ ಅನುಕೂಲವಲ್ಲ ಎಂಬ ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ. ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ಪ್ರತ್ಯೇಕ ಕಾಯ್ದೆಯೂ ಇದೆ.

ಜಾಗ ಪಾಳುಬಿದ್ದಿರುವುದು ನಿರ್ವಹಣೆಯ ಲೋಪ. ಆ ಲೋಪವನ್ನೇ ಕಾರಣವಾಗಿಸಿ ಉದ್ಯಾನವನ್ನು ಕಸಿಯುವುದೆಂದರೆ ತಪ್ಪು ಮಾಡಿದವರಿಗೆ ಬಹುಮಾನ ಕೊಟ್ಟಂತೆ. ಇನ್ನೊಂದು ಮಾತನ್ನು ಕೋಲಾರದವರು ಮರೆಯಬಾರದು. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆಯ ಅಂತರ್ಜಲ ಹೆಚ್ಚಿಸಲೆಂದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಇಲ್ಲಿಯ ಕೆರೆಗಳಿಗೆ ಹರಿಸಲಾಗುತ್ತಿದೆ. ದೂರದಿಂದ ಪಂಪು ಮಾಡಿ ನೀರು ತರಿಸಿಕೊಳ್ಳುವ ಊರು, ತನ್ನ ಮೇಲೆ ಬೀಳುವ ಮಳೆಯನ್ನು ಇಂಗಿಸಿಕೊಳ್ಳಬಲ್ಲ ಮಣ್ಣಿಗೆ ತಾನೇ ಕಾಂಕ್ರೀಟು ಹೊದಿಸಿಕೊಳ್ಳುವುದನ್ನು ನೋಡಿ ಸುಮ್ಮನಿರಲು ನಮಗೆ ಸಾಧ್ಯವಿಲ್ಲ.

ತಾವು ಮೊದಲು ಮಾಡಬೇಕಾದದ್ದು, ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಯನ್ನು ನಗರಾಭಿವೃದ್ಧಿ ಪ್ರಾಧಿಕಾರದಿಂದಲೋ ನಗರಸಭೆಯಿಂದಲೋ ಪಡೆಯುವುದು. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಕ್ಷೆಯಲ್ಲಿ ಉದ್ಯಾನ ಎಂದಿದ್ದರೆ ಆ ಪ್ರತಿಯನ್ನು ಲಗತ್ತಿಸಿ, ನಿವಾಸಿಗಳೆಲ್ಲರ ಸಹಿಯೊಂದಿಗೆ ಕಾಮಗಾರಿ ಆರಂಭವಾಗುವ ಮುನ್ನವೇ ಲಿಖಿತ ಆಕ್ಷೇಪಣೆ ಸಲ್ಲಿಸಿ. ಭವನ ಬೇಕೆನ್ನುವ ನೆರೆಯವರನ್ನು ವಿರೋಧಿಗಳೆಂದು ಕಾಣದೆ, ನಾಗರಿಕ ಸೌಕರ್ಯಕ್ಕೆಂದು ಬಿಟ್ಟ ಸಿ.ಎ. ನಿವೇಶನ ಅದೇ ನಕ್ಷೆಯಲ್ಲಿ ಎಲ್ಲಿದೆ ಎಂಬುದನ್ನು ಅವರೊಂದಿಗೆ ಕೂತು ಹುಡುಕಿ.