ಶ್ರೀಮಂತ ಗಂಡನ ಬೇಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ‘ಮದುವೆ ಅಂತ ಆದರೆ ದುಡ್ಡಿದ್ದವನನ್ನೇ ಆಗೋದು’ ಅಂತ ಹೊರಡುವ ನಾಯಕಿಯರ ಹಳೇ ಹಾಲಿವುಡ್ ಸ್ಕ್ರೂಬಾಲ್ ಕಾಮಿಡಿಗಳನ್ನು (ಪಟಪಟ ಮಾತಿನ, ಎಡವಟ್ಟು ಪ್ರೇಮದ ಹಾಸ್ಯಚಿತ್ರಗಳನ್ನು) ನೋಡುವ ಆಸೆ. ಯಾವುದರಿಂದ ಶುರು ಮಾಡಲಿ?
— ಗೃಹಿಣಿ, ಶಿವಮೊಗ್ಗ

ಉ: ‘ಮಿಡ್‌ನೈಟ್’ (1939) ಮೊದಲು. ಮಿಚೆಲ್ ಲೀಸನ್ ನಿರ್ದೇಶನ, ಚಾರ್ಲ್ಸ್ ಬ್ರ್ಯಾಕೆಟ್ ಮತ್ತು ಬಿಲ್ಲಿ ವೈಲ್ಡರ್ ಚಿತ್ರಕಥೆ. ಆಮೇಲೆ ಪ್ರೆಸ್ಟನ್ ಸ್ಟರ್ಜಸ್‌ನ ‘ದಿ ಲೇಡಿ ಈವ್’ (1941). ಅದೇ ಸ್ಟರ್ಜಸ್‌ನ ‘ದಿ ಪಾಮ್ ಬೀಚ್ ಸ್ಟೋರಿ’ (1942) ಕೊನೆಗಿರಲಿ. ಅದು ಇಂಥ ಸಿನಿಮಾಗಳನ್ನೇ ಗೇಲಿ ಮಾಡುವ ಸಿನಿಮಾ, ಮೊದಲೇ ನೋಡಿದರೆ ತಲೆಬುಡ ತಿಳಿಯುವುದಿಲ್ಲ. ಬಿಡುವಿದ್ದರೆ ‘ಹ್ಯಾಂಡ್ಸ್ ಅಕ್ರಾಸ್ ದಿ ಟೇಬಲ್’ (1935) ಕೂಡ. ಅದರಲ್ಲಿ ಕ್ಯಾರೊಲ್ ಲೊಂಬಾರ್ಡ್ ಹೋಟೆಲಿನಲ್ಲಿ ಗಿರಾಕಿಗಳ ಉಗುರು ತಿದ್ದುವ ಹುಡುಗಿ. ಸಿರಿವಂತ ಅಂದುಕೊಂಡು ಹಿಡಿದವನು ದಿವಾಳಿಯಾದ ಮನೆತನದವನು, ಅವನೂ ದುಡ್ಡಿಗಾಗಿ ಇನ್ನೊಬ್ಬಳನ್ನು ಮದುವೆಯಾಗಲು ಹೊರಟವನು!

ನೋಡುವ ಮುನ್ನ ಟಿವಿಯಲ್ಲಿ ಚಿತ್ರವನ್ನು ಹಿಗ್ಗಿಸುವ ಸೆಟ್ಟಿಂಗ್ ಆಫ್ ಮಾಡಿ. ಇವೆಲ್ಲ ಹೆಚ್ಚುಕಡಿಮೆ ಚೌಕಾಕಾರದ ಚಿತ್ರಗಳು (1.37:1). ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಸಬ್‌ಟೈಟಲ್ ಹಾಕಿಕೊಳ್ಳಿ, ಮಾತು ಬಲು ವೇಗ.

ಪ್ರ: ದುಡ್ಡಿಗೆ ಬಾಯಿಬಿಡುವ ಹೆಣ್ಣು ಅಂತ ಗೊತ್ತಿದ್ದೂ ಪ್ರೇಕ್ಷಕ ಅವಳ ಪಕ್ಷ ವಹಿಸುವುದು ಹೇಗೆ?
— ನಿವೃತ್ತ ಉಪನ್ಯಾಸಕ, ಮೈಸೂರು

ಉ: ಅವಳು ಲೆಕ್ಕ ಮುಚ್ಚಿಡುವುದಿಲ್ಲ, ಅದಕ್ಕೆ. ‘ಮಿಡ್‌ನೈಟ್’ನಲ್ಲಿ ಕ್ಲಾಡೆಟ್ ಕೋಲ್ಬರ್ಟ್ ಸುರಿಯುವ ಮಳೆಯಲ್ಲಿ ಪ್ಯಾರಿಸ್‌ಗೆ ಬಂದಿಳಿಯುತ್ತಾಳೆ. ಮೈಮೇಲೆ ಚಿನ್ನದ ಬಣ್ಣದ ಮಿರುಗುವ ಗೌನು, ಕೈಯಲ್ಲಿ ಪೆಟ್ಟಿಗೆಯಿಲ್ಲ, ಕಿಸೆಯಲ್ಲಿ ತೂತಿನ ಒಂದು ಚಿಲ್ಲರೆ ನಾಣ್ಯ. ಇದನ್ನೆಲ್ಲ ಟ್ಯಾಕ್ಸಿಯವನಿಗೆ ನೇರವಾಗಿ ಹೇಳಿಯೇ ಬಾಡಿಗೆಯ ಮಾತಾಡುತ್ತಾಳೆ. ಮುಂದೆ ಸಿರಿವಂತರ ಸಂಗೀತ ಕೂಟಕ್ಕೆ ನುಗ್ಗುವಾಗ ಆಮಂತ್ರಣದ ಜಾಗದಲ್ಲಿ ಅವಳು ಕೊಡುವುದು ಮಾಂಟೆ ಕಾರ್ಲೋದ ಗಿರವಿ ಅಂಗಡಿಯ ಚೀಟಿ. ಆರ್ಥಿಕ ಮುಗ್ಗಟ್ಟು ಕಂಡುಂಡ ಅಮೆರಿಕದ ಪ್ರೇಕ್ಷಕರಿಗೆ ಗಿರವಿ ಚೀಟಿ ಎಂದರೇನೆಂದು ವಿವರಿಸಬೇಕಿರಲಿಲ್ಲ.

ಇನ್ನೊಂದು ಕಾರಣ, ಸಿಕ್ಕುವ ಸಿರಿವಂತ ದುಷ್ಟನಲ್ಲ, ಪೆದ್ದ. ‘ಪಾಮ್ ಬೀಚ್’ನ ಹ್ಯಾಕೆನ್‌ಸ್ಯಾಕರ್ (ರೂಡಿ ವ್ಯಾಲಿ) ಪ್ರತಿ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡುತ್ತಾನೆ, ಆದರೆ ಒಮ್ಮೆಯೂ ಕೂಡಿಸುವುದಿಲ್ಲ. ನಾಯಕಿ ರೈಲಿನ ಮೇಲಿನ ಬರ್ತ್ ಹತ್ತುವಾಗ ಅವನ ಮುಖಕ್ಕೇ ಕಾಲಿಟ್ಟು ಕನ್ನಡಕ ಪುಡಿ ಮಾಡುತ್ತಾಳೆ; ಅವನಿಗೆ ಸಿಟ್ಟೇ ಬರುವುದಿಲ್ಲ. ಅವಳು ದುಡ್ಡು ಬೇಡುವುದೂ ತನಗಲ್ಲ, ಬಿಟ್ಟುಬಂದ ಗಂಡನ ವಿಮಾನ ನಿಲ್ದಾಣದ ಯೋಜನೆಗೆ ಬೇಕಾದ 99,000 ಡಾಲರ್.

ಪ್ರ: ನಮ್ಮ ಕಾಲೇಜು ತಂಡ ಇದೇ ಧಾಟಿಯ ಅರ್ಧ ಗಂಟೆಯ ನಾಟಕ ಆಡಿತು. ನಾಯಕಿ ಎಸ್ಟೇಟ್ ಮಾಲೀಕನ ಮಗನನ್ನು ಒಲಿಸಲು ಮಾರುವೇಷದಲ್ಲಿ ಬರುತ್ತಾಳೆ. ಅವಳ್ಯಾರೆಂಬ ಗುಟ್ಟು ಕೊನೆಯ ದೃಶ್ಯದಲ್ಲಿ ಬಯಲಾಗುತ್ತದೆ. ಸಭೆ ನಗಲೇ ಇಲ್ಲ. ಎಲ್ಲಿ ಎಡವಿದೆವು?
— ವಿದ್ಯಾರ್ಥಿನಿ, ಧಾರವಾಡ

ಉ: ಗುಟ್ಟನ್ನು ಸಭೆಯಿಂದಲೂ ಮುಚ್ಚಿಟ್ಟಿರಿ, ಅಲ್ಲೇ. ಇದು ಪತ್ತೇದಾರಿ ಕಥೆಯಲ್ಲ. ಅವಳ ಹಂಚಿಕೆ ಸಭೆಗೆ ಗೊತ್ತಿರಬೇಕು, ಅವನಿಗೆ ಮಾತ್ರ ಗೊತ್ತಿರಬಾರದು. ನಗು ಹುಟ್ಟುವುದೇ ಆ ನಡುವಿನಲ್ಲಿ. ಮೊದಲ ಮೂರು ನಿಮಿಷದೊಳಗೆ ಅವಳ ಬಾಯಿಂದಲೇ ಉದ್ದೇಶ ಹೇಳಿಸಿ.

‘ದಿ ಲೇಡಿ ಈವ್’ನ ಹಡಗಿನ ಊಟದ ಕೋಣೆ ದೃಶ್ಯವನ್ನು ನಾಲ್ಕಾರು ಸಲ ನೋಡಿ. ಬಾರ್ಬರಾ ಸ್ಟಾನ್‌ವಿಕ್ ಇಸ್ಪೀಟಿನಲ್ಲಿ ಮೋಸ ಮಾಡುವ ಅಪ್ಪನ ಮಗಳು. ಬಿಯರ್ ಸಾಹುಕಾರನ ಮಗ ಹೆನ್ರಿ ಫೋಂಡಾಗೆ ಬೆನ್ನು ಹಾಕಿ ಕುಳಿತಿದ್ದಾಳೆ, ಕೈಯಲ್ಲಿ ಪೌಡರ್ ಡಬ್ಬಿಯ ಕನ್ನಡಿ. ಅವನು ಹಾವಿನ ಪುಸ್ತಕದಲ್ಲಿ ಮುಳುಗಿದ್ದಾನೆ. ಸುತ್ತಲಿನ ಹೆಂಗಸರ ಒಂದೊಂದು ಪಟ್ಟನ್ನೂ ಅವಳು ಕನ್ನಡಿಯಲ್ಲಿ ನೋಡುತ್ತ ವೀಕ್ಷಕ ವಿವರಣೆ ಕೊಡುತ್ತಾಳೆ: ಇಗೋ ಕರ್ಚೀಫು ಬೀಳಿಸಿದಳು, ಇವನು ನೋಡಲೇ ಇಲ್ಲ. ಅವನು ಎದ್ದು ಹೊರಟಾಗ ಸುಮ್ಮನೆ ಕಾಲು ಚಾಚುತ್ತಾಳೆ. ಅವನು ಮುಗ್ಗರಿಸಿ ಬೀಳುತ್ತಾನೆ, ಅವಳ ಶೂವಿನ ಹಿಮ್ಮಡಿ ಮುರಿಯುತ್ತದೆ, ಬೈಸಿಕೊಳ್ಳುವುದೂ ಅವನೇ! ಬೇರೆ ಶೂ ಹಾಕಿಕೊಳ್ಳಲು ಅವಳ ಕ್ಯಾಬಿನ್‌ಗೆ ಕರೆದೊಯ್ಯದೆ ಅವನಿಗೆ ದಾರಿಯಿಲ್ಲ. ಉದ್ದೇಶ, ಎದುರಾಳಿಗಳು, ಉಪಾಯ, ಪರಿಣಾಮ ಎಲ್ಲ ಈ ಒಂದೇ ದೃಶ್ಯದಲ್ಲಿ ಮುಗಿದಿರುತ್ತದೆ.

ವೇಷಕ್ಕೆ ವಿಗ್ಗು, ಕಪ್ಪು ಕನ್ನಡಕ ಬೇಡ. ಅದೇ ಸಿನಿಮಾದ ಎರಡನೇ ಅರ್ಧದಲ್ಲಿ ಅವಳು ಇಂಗ್ಲೆಂಡಿನ ಶ್ರೀಮಂತೆಯಾಗಿ ಬಂದಾಗ ಮುಖ ಅದೇ, ಮಾತಿನ ಧಾಟಿ ಮಾತ್ರ ಬೇರೆ. ನಾಯಕನ ಸೇವಕ ಮಗ್ಸಿ ‘ಇವಳೇ ಅವಳು’ ಅಂತ ಬಡಕೊಂಡರೂ ನಾಯಕ ಒಪ್ಪುವುದಿಲ್ಲ: ಇಷ್ಟೊಂದು ಹೋಲಿಕೆ ಇರುವಾಗ ಅವಳಾಗಿರಲು ಸಾಧ್ಯವೇ ಇಲ್ಲ ಎಂಬುದು ಅವನ ತರ್ಕ. ನಿಮ್ಮ ನಾಟಕಕ್ಕೂ ಮಗ್ಸಿಯಂಥ ಒಬ್ಬ ಬೇಕು. ಅಡುಗೆಯವನೋ ಡ್ರೈವರ್ರೋ, ಸತ್ಯ ಹೇಳುವವನು ಅವನೊಬ್ಬನೇ, ನಂಬುವವರು ಯಾರೂ ಇರಬಾರದು.

ಹದಿನೈದನೇ ನಿಮಿಷದ ಹೊತ್ತಿಗೆ ಬೇಟೆಗಾತಿಯೇ ಸೋಲಲು ಶುರುವಾಗಬೇಕು, ಅದು ಮಾತಿನಲ್ಲಿ ಬೇಡ, ಕೆಲಸದಲ್ಲಿ ಕಾಣಲಿ. ಸ್ಟಾನ್‌ವಿಕ್ ‘ನಾನು ನಿನ್ನನ್ನು ಪ್ರೀತಿಸುತ್ತಿದ್ದೇನೆ’ ಅಂತ ಭಾಷಣ ಬಿಗಿಯುವ ಮೊದಲೇ ಅಪ್ಪನ ಇಸ್ಪೀಟು ಮೋಸವನ್ನು ತಾನೇ ಮೋಸದಿಂದ ತಡೆಯುತ್ತಾಳೆ.

ಬೀಳುವ ದೃಶ್ಯಗಳಿದ್ದರೆ ಬೀಳುವವನು ನಗಿಸಲು ಹೋಗಕೂಡದು. ಫೋಂಡಾ ಸೋಫಾ ಎಡವಿದರೂ ಪರದೆ ಮೈಮೇಲೆ ಕಳಚಿಬಿದ್ದರೂ ಮುಖದಲ್ಲಿ ಗಾಂಭೀರ್ಯ ಬಿಡುವುದಿಲ್ಲ, ಮತ್ತೆ ಬೇರೆ ಸೂಟು ತೊಟ್ಟು ಬರುತ್ತಾನೆ. ತಾಲೀಮಿನಲ್ಲಿ ಮಾತನ್ನು ಮೊದಲು ನಿಧಾನವಾಗಿ ಅರ್ಥಕ್ಕಾಗಿ ಓದಿಸಿ. ಆಮೇಲೆ ಒಬ್ಬರ ಕೊನೆಯ ಪದಕ್ಕೇ ಮತ್ತೊಬ್ಬರು ಶುರು ಮಾಡಲಿ. ನಗುವಿಗೆ ಕಾದು ನಿಂತರೆ ನಗು ಬರುವುದಿಲ್ಲ.

ಪ್ರ: ಇವುಗಳಲ್ಲಿ ಮಂಚದ ದೃಶ್ಯ ಏನೂ ಇಲ್ಲವಲ್ಲ, ಆದರೂ ಯಾಕೆ ಅಷ್ಟು ಬಿಸಿ?
— ‘ಸಿನಿಮಾಪ್ರಿಯ’, ಹುಬ್ಬಳ್ಳಿ

ಉ: 1934ರ ಜುಲೈನಿಂದ ಹೇಸ್ ಸಂಹಿತೆ (ತೆರೆಯ ಮೇಲೆ ಏನು ತೋರಿಸಬಹುದು, ಏನು ತೋರಿಸಬಾರದು ಎಂಬ ಹಾಲಿವುಡ್‌ನ ನಿಯಮಾವಳಿ) ಬಿಗಿಯಾಯಿತು. ತೋರಿಸುವಂತಿಲ್ಲದ್ದನ್ನು ಬರಹಗಾರರು ಮಾತಿಗೆ ತುಂಬಿದರು. ‘ಲೇಡಿ ಈವ್’ನಲ್ಲಿ ನಾಯಕಿ ನಾಯಕನ ತಲೆಗೂದಲಲ್ಲಿ ಬೆರಳಾಡಿಸುತ್ತ ತನ್ನ ಆದರ್ಶ ಗಂಡನ ಬಗ್ಗೆ ಹರಟುವ ಶಾಟ್ ಕತ್ತರಿಯಿಲ್ಲದೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಓಡುತ್ತದೆ. ಅವನು ಬಾಯಿ ಒಣಗಿ ಕೂತಿರುತ್ತಾನೆ, ಅಷ್ಟೇ.

ಪ್ರ: ಮರ್ಲಿನ್ ಮನ್ರೋಳ ‘ಹೌ ಟು ಮ್ಯಾರಿ ಎ ಮಿಲಿಯನೇರ್’ ಕೂಡ ಇದೇ ಸಾಲಿಗೆ ಸೇರುತ್ತದೆಯೇ?
— ಓದುಗ, ಮಂಗಳೂರು

ಉ: ಕಥೆಯಲ್ಲಿ ಹೌದು, ನಡಿಗೆಯಲ್ಲಿ ಅಲ್ಲ. 1953ರ ಆ ಚಿತ್ರ ಆರಂಭದ ಸಿನೆಮಾಸ್ಕೋಪ್ ಚಿತ್ರಗಳಲ್ಲೊಂದು. ಅಗಲವಾದ ಪರದೆ ತುಂಬಲು ಮೂವರು ನಾಯಕಿಯರನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ಮಾತಾಡಿಸುತ್ತಾರೆ, ಸ್ಕ್ರೂಬಾಲ್‌ನ ಓಟ ಅಲ್ಲಿಲ್ಲ. ಕನ್ನಡಕ ಹಾಕಿದರೆ ಗಂಡು ಸಿಗಲ್ಲ ಅಂತ ತೆಗೆದಿಟ್ಟು ಗೋಡೆಗೆ ಡಿಕ್ಕಿ ಹೊಡೆಯುವ ಮನ್ರೋಗಾಗಿ ಖಂಡಿತ ನೋಡಿ. ಟಿವಿಗಾಗಿ ಅಂಚು ಕತ್ತರಿಸಿದ ಪ್ರತಿ ಮಾತ್ರ ಬೇಡ. ಮೂವರಲ್ಲಿ ಒಬ್ಬಳು ಸದಾ ಚೌಕಟ್ಟಿನ ಆಚೆ ಇರುತ್ತಾಳೆ.