ದೇಶಕ್ಕೆ ಒಂದೂ ಪಂದ್ಯ ಆಡದೆ 25 ವರ್ಷ ಕೌಂಟಿಯಲ್ಲೇ ಕಳೆದವನದು ವ್ಯರ್ಥ ವೃತ್ತಿಜೀವನವೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಇಂಗ್ಲೆಂಡ್ ತಂಡಕ್ಕೆ ಯಾವತ್ತೂ ಆಯ್ಕೆಯಾಗದೆ ಕೌಂಟಿಯಲ್ಲೇ, ಅಂದರೆ ಅಲ್ಲಿನ ಪ್ರಾಂತೀಯ ತಂಡಗಳ ದೇಶೀಯ ಕ್ರಿಕೆಟ್‌ನಲ್ಲೇ, ಆಡಿ ಮುಗಿಸಿದವನನ್ನು ಸೋತವನು ಅನ್ನಬೇಕಲ್ಲವೇ? ಅಂಥವನಿಗೆ ಆಯ್ಕೆಗಾರರು ಅನ್ಯಾಯ ಮಾಡಿದರು ಅಂತಲೂ ಅನ್ನಬೇಕಲ್ಲವೇ? ನನ್ನ ಪ್ರಕಾರ ಎರಡಕ್ಕೂ ಉತ್ತರ ‘ಇಲ್ಲ’. ಸುಮ್ಮನೆ ವಾದ ಮಾಡುವ ಬದಲು ಡ್ಯಾರೆನ್ ಸ್ಟೀವನ್ಸ್ ಒಬ್ಬನನ್ನೇ ಇಟ್ಟುಕೊಂಡು ಹೇಳುತ್ತೇನೆ. ನಾನು ಹಲವು ವರ್ಷಗಳಿಂದ ಹಿಂಬಾಲಿಸುತ್ತ ಬಂದ ಆಟಗಾರ ಅವನು, ಆದ್ದರಿಂದ ಸ್ವಲ್ಪ ಪಕ್ಷಪಾತ ಇದ್ದರೆ ಸಹಿಸಿಕೊಳ್ಳಿ.

ಹುಟ್ಟಿದ್ದು 1976ರಲ್ಲಿ, ಲೆಸ್ಟರ್ ಊರಲ್ಲಿ. 1997ರಲ್ಲಿ ತವರಿನ ಲೆಸ್ಟರ್‌ಶೈರ್ ಪರ ಮೊದಲ ಬಾರಿ ಪ್ರಥಮ ದರ್ಜೆ ಪಂದ್ಯ ಆಡಿದ. ಆಗ ಅವನು ಬರೀ ಬ್ಯಾಟ್ಸ್‌ಮನ್. 2000ದಲ್ಲಿ ನಮ್ಮ ಕುಂಬ್ಳೆ, 2002ರಲ್ಲಿ ಶ್ರೀನಾಥ್ ಅದೇ ಕೌಂಟಿಗೆ ವಿದೇಶಿ ಆಟಗಾರರಾಗಿ ಹೋಗಿದ್ದರು. ಹಳೆಯ ಸ್ಕೋರ್‌ಕಾರ್ಡ್ ಕೆದಕುವ ಚಟ ಇರುವವರಿಗೆ ಆ ಕಾಲದ ತಂಡದಲ್ಲಿ ಸ್ಟೀವನ್ಸ್ ಹೆಸರು ಕಣ್ಣಿಗೆ ಬಿದ್ದೇ ಇರುತ್ತದೆ. ಆದರೆ ಯಾರೂ ಎರಡನೇ ಸಲ ತಿರುಗಿ ನೋಡುವಂಥ ಅಂಕಿಅಂಶ ಅಲ್ಲಿಲ್ಲ. ಚೆಂದದ ಹೊಡೆತಗಳಿದ್ದವು, ದೊಡ್ಡ ರನ್ ಇರಲಿಲ್ಲ. 2004ರ ಕೊನೆಗೆ ಲೆಸ್ಟರ್‌ಶೈರ್ ಬಿಟ್ಟ.

2005ರಲ್ಲಿ ಕೆಂಟ್ ಕೌಂಟಿಗೆ ಬಂದ. ಅಲ್ಲಿ ಬ್ಯಾಟಿಂಗ್ ಒಂದು ಹದಕ್ಕೆ ಬಂತು. 2007ರ ಟ್ವೆಂಟಿ20 ಕಪ್ ಫೈನಲ್‌ನಲ್ಲಿ ಗ್ಲಾಸ್ಟರ್‌ಶೈರ್ ವಿರುದ್ಧ ಗೆಲುವಿನ ರನ್ ಹೊಡೆದವನೂ ಅವನೇ. ಇಲ್ಲಿಗೇ ಕಥೆ ಮುಗಿದಿದ್ದರೆ ನಿಮ್ಮ ಪ್ರಶ್ನೆಗೆ ಉದಾಹರಣೆಯಾಗಿ ನಾನು ಅವನ ಹೆಸರು ಎತ್ತುತ್ತಿರಲಿಲ್ಲ. 18 ಕೌಂಟಿಗಳಲ್ಲಿ ಇಂಥ ಒಳ್ಳೆಯ ಆಟಗಾರರು ಬೇಕಾದಷ್ಟು ಜನ ಇರುತ್ತಾರೆ.

ಮೂವತ್ತು ದಾಟಿದ ಮೇಲೆ ಅವನು ಬೌಲರ್ ಆದ. ವೇಗ ಗಂಟೆಗೆ 110–115 ಕಿಲೋಮೀಟರ್ ಆಸುಪಾಸು. ನಮ್ಮಲ್ಲಿ ಇಷ್ಟು ವೇಗಕ್ಕೆ ಬೌಲ್ ಮಾಡುವವನನ್ನು ಕ್ಲಬ್ ಪಂದ್ಯದಲ್ಲೂ ಸ್ವೀಪ್ ಮಾಡಿ ಕಳಿಸುತ್ತಾರೆ. ಇಂಗ್ಲೆಂಡ್‌ನ ಏಪ್ರಿಲ್ ತಿಂಗಳು ಬೇರೆ. ನೆಲದಲ್ಲಿ ತೇವ, ಮೇಲೆ ಮೋಡ, ಕೈಯಲ್ಲಿ ಎದ್ದು ನಿಂತ ಹೊಲಿಗೆಯ, ಡ್ಯೂಕ್ಸ್ ಕಂಪನಿಯ ಚೆಂಡು. ಸ್ಟೀವನ್ಸ್ ಸ್ಟಂಪ್‌ಗೆ ಅಂಟಿಕೊಂಡಂತೆ ಓಡಿ ಬಂದು, ಹೊಲಿಗೆ ನೆಲಕ್ಕೆ ತಾಗುವಂತೆ, ಸ್ಟಂಪ್‌ನ ನೇರಕ್ಕೇ ಎಸೆಯುತ್ತಿದ್ದ. ಚೆಂಡು ಯಾವ ಕಡೆ ಹೊರಳುತ್ತದೆ ಅನ್ನುವುದು ಎಷ್ಟೋ ಸಲ ಅವನಿಗೂ ಗೊತ್ತಿರುತ್ತಿರಲಿಲ್ಲವೇನೋ, ಬ್ಯಾಟ್ಸ್‌ಮನ್‌ಗಂತೂ ಗೊತ್ತಾಗುತ್ತಿರಲಿಲ್ಲ. ಸ್ವಿಂಗ್ ಆಗುವ ಮೊದಲೇ ಮುಂದೆ ಬಂದು ಆಡೋಣ ಅಂದರೆ ಕೀಪರ್ ಸ್ಟಂಪ್‌ಗೆ ಒತ್ತಿಕೊಂಡೇ ನಿಂತಿರುತ್ತಾನೆ, ಕ್ರೀಸ್ ಬಿಡುವಂತಿಲ್ಲ. ಅಲ್ಲೇ ನಿಂತರೆ ಎಲ್‌ಬಿಡಬ್ಲ್ಯು, ಇಲ್ಲವೇ ಬೌಲ್ಡ್. ನಿಧಾನ ಎಂಬುದೇ ಅವನ ಅಸ್ತ್ರವಾಯಿತು. ಇನ್ನೂ ಹದಿನೈದು ಕಿಲೋಮೀಟರ್ ಜಾಸ್ತಿ ವೇಗ ಇದ್ದಿದ್ದರೆ ಕೀಪರ್ ಹಿಂದೆ ಸರಿಯಬೇಕಿತ್ತು, ಬ್ಯಾಟ್ಸ್‌ಮನ್ ಮುಂದೆ ಬರುತ್ತಿದ್ದ. 2017ರಲ್ಲಿ, 41ನೇ ವಯಸ್ಸಿನಲ್ಲಿ, ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ ಅರವತ್ತಕ್ಕೂ ಹೆಚ್ಚು ವಿಕೆಟ್ ಕಿತ್ತ.

ಅನ್ಯಾಯದ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಬ್ಯಾಟ್ಸ್‌ಮನ್ ಆಗಿ ಆಯ್ಕೆಯಾಗುವ ವಯಸ್ಸಿನಲ್ಲಿ ಅವನ ರನ್ ಸಾಲದಾಗಿತ್ತು. ಆಲ್‌ರೌಂಡರ್ ಆಗಿ ಹದಕ್ಕೆ ಬಂದಾಗ ವಯಸ್ಸು ಮೀರಿತ್ತು. ಅದಕ್ಕಿಂತ ಮುಖ್ಯವಾಗಿ, ಈ ಬೌಲಿಂಗ್ ಬ್ರಿಸ್ಬೇನ್‌ನಲ್ಲಾಗಲಿ ಚೆನ್ನೈನಲ್ಲಾಗಲಿ ನಡೆಯುವಂಥದ್ದಲ್ಲ. ಇಂಥ ಮಧ್ಯಮ ವೇಗಿಗಳು ರಾಶಿಗಟ್ಟಲೆ ವಿಕೆಟ್ ಕೀಳುತ್ತಾರೆ, ಇದರಿಂದ ಸ್ಪಿನ್ನರ್‌ಗಳೂ ನಿಜವಾದ ವೇಗಿಗಳೂ ಬೆಳೆಯುವುದಿಲ್ಲ ಅಂತ ಅಲ್ಲಿ ದೊಡ್ಡ ದೂರು. ಇಂಥವರಿಗೆ ನೆರವಾಗುವ ಹಸಿರು ಪಿಚ್ ಮಾಡುವ ತವರು ತಂಡದ ಆಸೆಗೆ ಕಡಿವಾಣ ಹಾಕಲೆಂದೇ 2016ರಿಂದ ಕೆಲವು ವರ್ಷ, ಪ್ರವಾಸಿ ತಂಡ ಬಯಸಿದರೆ ಟಾಸ್ ಇಲ್ಲದೆಯೇ ಮೊದಲು ಬೌಲ್ ಮಾಡಬಹುದು ಎಂಬ ನಿಯಮ ಇತ್ತು. ದೂರು ಸರಿಯೇ. ಆದರೆ ಕೊಟ್ಟ ಪಿಚ್‌ನಲ್ಲಿ ವಿಕೆಟ್ ತೆಗೆದವನ ತಪ್ಪೇನು? ಕೆಂಟ್ ಸಂಬಳ ಕೊಡುತ್ತಿದ್ದದ್ದು ಕೆಂಟ್‌ನ ಪಂದ್ಯ ಗೆಲ್ಲಿಸಲು.

ಸಂಬಳ ಅಂದೆನಲ್ಲ, ಕೌಂಟಿ ಆಟಗಾರನ ಬದುಕಿನಲ್ಲಿ ಅದು ದೊಡ್ಡ ವಿಷಯ. ಒಪ್ಪಂದ ಮುಗಿಯುವ ವರ್ಷ ಎಲ್ಲರಿಗೂ ಎದೆ ಢವಢವ. 2019ರ ಆಗಸ್ಟ್‌ನಲ್ಲಿ ಕೆಂಟ್ ಇವನಿಗೆ, ಮುಂದಿನ ವರ್ಷ ನಿನಗೆ ಜಾಗ ಇಲ್ಲ ಅಂದಿತ್ತು. ಸೆಪ್ಟೆಂಬರ್‌ನಲ್ಲಿ ಹೆಡಿಂಗ್ಲೆಯಲ್ಲಿ ಯಾರ್ಕ್‌ಶೈರ್ ವಿರುದ್ಧ ಕೆಂಟ್ 39ಕ್ಕೆ 5. ಅಲ್ಲಿಂದ ಸ್ಟೀವನ್ಸ್, ಸ್ಯಾಮ್ ಬಿಲ್ಲಿಂಗ್ಸ್ ಸೇರಿ 346 ರನ್ ಸೇರಿಸಿದರು. 43ರ ಸ್ಟೀವನ್ಸ್ ಹೊಡೆದದ್ದು 237. ಸಾಲದೆಂಬಂತೆ ಯಾರ್ಕ್‌ಶೈರ್‌ನ ಎರಡನೇ ಇನಿಂಗ್ಸ್‌ನಲ್ಲಿ 20 ರನ್‌ಗೆ 5 ವಿಕೆಟ್. ಕೆಂಟ್ 433 ರನ್‌ಗಳಿಂದ ಗೆದ್ದಿತು. ಒಪ್ಪಂದ ಮತ್ತೆ ಕೈಗೆ ಬಂತು.

2021ರಲ್ಲಿ ವಿಸ್ಡನ್ ಎಂಬ ಇಂಗ್ಲೆಂಡ್‌ನ ಕ್ರಿಕೆಟ್ ವಾರ್ಷಿಕ ಪುಸ್ತಕ ವರ್ಷದ ಆಟಗಾರರೆಂದು ಆಯ್ಕೆ ಮಾಡಿದ ಐವರಲ್ಲಿ ಇವನೂ ಒಬ್ಬ. 1933ರ ಯೂವರ್ಟ್ ಆಸ್ಟಿಲ್ ಬಳಿಕ ಈ ಗೌರವ ಪಡೆದ ಅತಿ ಹಿರಿಯ. (ತಮಾಷೆಯೆಂದರೆ ಆಸ್ಟಿಲ್ ಕೂಡ ಲೆಸ್ಟರ್‌ಶೈರ್‌ನ ಆಲ್‌ರೌಂಡರ್.) ಅದೇ ವರ್ಷ ಮೇ ತಿಂಗಳಲ್ಲಿ, ಕ್ಯಾಂಟರ್ಬರಿಯಲ್ಲಿ ಗ್ಲಾಮೋರ್ಗನ್ ವಿರುದ್ಧ ಆಡಿದ 190 ನಿಮಗೂ ಗೊತ್ತಿರಬಹುದು: 149 ಎಸೆತ, 15 ಬೌಂಡರಿ, 15 ಸಿಕ್ಸರ್. ಕೆಂಟ್ 128ಕ್ಕೆ 8 ಆಗಿದ್ದಾಗ ಜೊತೆಗೆ ಬಂದವನು ಮಿಗೆಲ್ ಕಮಿನ್ಸ್. ಒಂಬತ್ತನೇ ವಿಕೆಟ್‌ಗೆ 166 ರನ್ ಬಂತು, ಅದರಲ್ಲಿ ಕಮಿನ್ಸ್ ಪಾಲು ಒಂದೇ ಒಂದು! ನನಗೆ ಆ ಒಂದು ರನ್ ಬಗ್ಗೆಯೇ ಹೆಚ್ಚು ಗೌರವ. ಎದುರಿಗೆ ಸಿಕ್ಸರ್ ಸುರಿಯುತ್ತಿರುವಾಗ ತಾನೂ ಒಂದು ಬೀಸೋಣ ಅನ್ನದೆ ಬ್ಲಾಕ್ ಮಾಡುತ್ತ ನಿಲ್ಲುವುದು ಬಾಲಂಗೋಚಿಗೆ ಸುಲಭವಲ್ಲ. ಬ್ಯಾಟ್ ಇಟ್ಟು ಬಂದ ಸ್ಟೀವನ್ಸ್, ಚೆಂಡು ಹಿಡಿದು ಆಸ್ಟ್ರೇಲಿಯಾದ ಟೆಸ್ಟ್ ಬ್ಯಾಟ್ಸ್‌ಮನ್ ಮಾರ್ನಸ್ ಲಬುಶೇನ್‌ನನ್ನು ಎಲ್‌ಬಿಡಬ್ಲ್ಯು ಕೆಡವಿದ. ಅವನಿಗಾಗ 45.

ಎಲ್ಲ ಸಿಹಿಯೇ ಆಗಿರಲಿಲ್ಲ. 2013ರಲ್ಲಿ ಬಾಂಗ್ಲಾದೇಶ ಲೀಗ್‌ನ ಫಿಕ್ಸಿಂಗ್ ಪ್ರಕರಣದಲ್ಲಿ, ಆಮಿಷದ ವಿಷಯ ತಿಳಿಸಲಿಲ್ಲ ಎಂಬ ಆರೋಪ ಹೊತ್ತು ತಿಂಗಳುಗಟ್ಟಲೆ ಕಾಯಬೇಕಾಯಿತು; ಮರುವರ್ಷ ನಿರ್ದೋಷಿ ಎಂಬ ತೀರ್ಪು ಬಂತು. 2022ರಲ್ಲಿ ಕೆಂಟ್ ಮತ್ತೆ ಕೈಬಿಟ್ಟಿತು. ಈ ಸಲ ಖಾಯಂ. ಆದರೂ ಹೋಗುವ ಮೊದಲು ಏಕದಿನ ಕಪ್‌ನ ಸೆಮಿಫೈನಲ್‌ನಲ್ಲಿ, 311 ಬೆನ್ನಟ್ಟುವಾಗ, ಹ್ಯಾಂಪ್‌ಶೈರ್ ವಿರುದ್ಧ ಔಟಾಗದೆ 84 ಹೊಡೆದು ಗೆಲ್ಲಿಸಿದ. ಟ್ರೆಂಟ್ ಬ್ರಿಡ್ಜ್ ಫೈನಲ್‌ನಲ್ಲಿ ಲ್ಯಾಂಕಶೈರ್ ಸೋತಿತು. ಕೆಂಟ್‌ಗೆ 1978ರ ನಂತರ ಸಿಕ್ಕ ಮೊದಲ ಏಕದಿನ ಕಪ್ ಅದು.

ಒಟ್ಟು ಲೆಕ್ಕ ಬೇಕಿದ್ದರೆ, ಪ್ರಥಮ ದರ್ಜೆಯಲ್ಲಿ 16,000ಕ್ಕೂ ಹೆಚ್ಚು ರನ್, ಆರುನೂರರ ಹತ್ತಿರ ವಿಕೆಟ್. ಇಂಗ್ಲೆಂಡ್ ಟೋಪಿ ತೊಟ್ಟವರಲ್ಲೇ ಎಷ್ಟೋ ಜನರ ಹತ್ತಿರ ಇದಿಲ್ಲ. ಎರಡು ಟೆಸ್ಟ್ ಆಡಿ ಮರೆತುಹೋದವನ ಬದುಕು ಬೇಕೋ, ಇವನದು ಬೇಕೋ ಅಂತ ಕೇಳಿದರೆ ನಾನು ಯೋಚಿಸದೆ ಇವನದೇ ಅನ್ನುತ್ತೇನೆ. ನೀವು ಬೇರೆ ಹೇಳಬಹುದು.

ಯೂಟ್ಯೂಬ್‌ನಲ್ಲಿ ಹುಡುಕುವುದಾದರೆ ಆ 190 ತಾನಾಗಿಯೇ ಮೊದಲು ಬರುತ್ತದೆ. ಅದನ್ನು ನೋಡಿ ಮುಗಿಸಿದ ಮೇಲೆ ಅವನ ಬೌಲಿಂಗ್ ತುಣುಕುಗಳನ್ನೂ ನೋಡಿ. ಸಿಕ್ಸರ್ ನೋಡಿದರೆ ಅವನು ಯಾಕೆ ಪ್ರಸಿದ್ಧ ಅಂತ ಗೊತ್ತಾಗುತ್ತದೆ. 46ರವರೆಗೆ ಕೆಲಸ ಹೇಗೆ ಉಳಿಯಿತು ಅನ್ನುವುದಕ್ಕೆ ಆ ಎಲ್‌ಬಿಡಬ್ಲ್ಯುಗಳನ್ನೇ ನೋಡಬೇಕು.