ಎರಡು ವಾರದ ಆಲ್ಪ್ಸ್ ಚಾರಣಕ್ಕೆ ನಾಯಿಯನ್ನು ಕರೆದುಕೊಂಡು ಹೋಗಬಹುದಾ?

ಮೇ ರಜೆ, ಆಸ್ಟ್ರಿಯಾದಲ್ಲಿ ಎರಡು ವಾರ ಬೆಟ್ಟ ಹತ್ತುವುದು, ಜೊತೆಗೆ ಐದು ವರ್ಷದ ಲ್ಯಾಬ್ರಡಾರ್. ಕಾರವಾರದಲ್ಲಿ ಬಿಟ್ಟು ಹೋಗಲು ಮನಸ್ಸೇ ಬರ್ತಿಲ್ಲ ಅಂದಿದ್ದೀರಿ. ಅದನ್ನು ಓದಿ ನನಗೆ ನಮ್ಮ ದಾಸನೇ ಕಣ್ಣೆದುರು ಬಂದ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ದಾಸ ಜಾತಿ ನಾಯಿ ಅಲ್ಲ, ಊರ ನಾಯಿ. ಹಗಲೆಲ್ಲ ಅಡಿಕೆ ತೋಟ, ಬೆಟ್ಟ ಅಂತ ತಿರುಗುತ್ತಿದ್ದ. ಚಿರತೆ ಕಾಟ ಇದ್ದದ್ದರಿಂದ ಸಂಜೆಯಾದರೆ ಕೊಟ್ಟಿಗೆ ಒಳಗೆ ಕೂಡಿ ಬಾಗಿಲು ಹಾಕುತ್ತಿದ್ದೆವು. ಹಸುಗಳ ಪಕ್ಕದಲ್ಲೇ ಮಲಗಿ ಬೆಳೆದವನು. ಮದುವೆಯಾದ ಮೇಲೆ ನಮ್ಮನೆಯವರಿಗೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷ ಅಲ್ಲೇ ಇರಬೇಕಿತ್ತು. ದಾಸನನ್ನು ಬಿಟ್ಟು ನಾನು ಬರಲ್ಲ ಅಂದೆ. ಅವರೂ ಸರಿ ಅಂದರು.

ಈಗ ಹೇಳುವುದನ್ನು ನಿಧಾನಕ್ಕೆ ಓದಿ. ನಮ್ಮ ಒಂದು ಇಡೀ ಬೇಸಿಗೆ ಹೋದದ್ದು ಇಲ್ಲೇ.

ದಾಸನಿಗೆ ಹುಚ್ಚುನಾಯಿ ರೋಗದ ಇಂಜೆಕ್ಷನ್ ಪ್ರತಿ ವರ್ಷ ತಪ್ಪದೆ ಆಗುತ್ತಿತ್ತು. ಆ ವರ್ಷವೂ ಆಗಿತ್ತು, ಪುಸ್ತಕದಲ್ಲಿ ಸೀಲು ಸಹಿ ಎಲ್ಲ ಇತ್ತು. ಅದಾಗಿ ಸ್ವಲ್ಪ ದಿನಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮೈಕ್ರೋಚಿಪ್, ಅಂದರೆ ಚರ್ಮದಡಿ ಕೂರಿಸುವ ಗುರುತಿನ ಚಿಪ್, ಹಾಕಿಸಿದೆವು. ಇಂಜೆಕ್ಷನ್ ಇದೆ, ಚಿಪ್ ಇದೆ, ಇನ್ನೇನು ಅಂದುಕೊಂಡು ಟಿಕೆಟ್ ವಿಚಾರಿಸಲು ಹೊರಟರೆ, ಕಾಗದ ನೋಡಿದವರು ಎರಡು ತಾರೀಖಿನ ಮೇಲೆ ಬೆರಳಿಟ್ಟರು. ಇಂಜೆಕ್ಷನ್ ತಾರೀಖು ಮೊದಲು, ಚಿಪ್ ತಾರೀಖು ಆಮೇಲೆ. ಹಾಗಿದ್ದರೆ ಆಸ್ಟ್ರಿಯಾ ಸೇರಿರುವ ಯುರೋಪಿಯನ್ ಒಕ್ಕೂಟದ ಲೆಕ್ಕದಲ್ಲಿ ಆ ಇಂಜೆಕ್ಷನ್ ಆಗಿಯೇ ಇಲ್ಲ. ಹಿಂದಿನ ವರ್ಷಗಳದ್ದೂ ಲೆಕ್ಕಕ್ಕಿಲ್ಲ.

ಯಾಕೆ ಅಂತೀರಾ? ಚಿಪ್ ಇಲ್ಲದೆ ಕೊಟ್ಟ ಇಂಜೆಕ್ಷನ್ ಇದೇ ನಾಯಿಗೆ ಕೊಟ್ಟದ್ದು ಅಂತ ತೋರಿಸಲು ಯಾವ ದಾರಿಯೂ ಇಲ್ಲ. ಪುಸ್ತಕದಲ್ಲಿ ‘ದಾಸ, ಕಂದು ಬಣ್ಣ, ಗಂಡು’ ಅಂತ ಬರೆದಿದ್ದರೆ ಅಂಥ ನಾಯಿ ನಮ್ಮ ಕೇರಿಯಲ್ಲೇ ನಾಲ್ಕಿರಬಹುದು. 15 ಅಂಕಿಯ ಆ ನಂಬರ್ ಚರ್ಮದಡಿ ಹೋದ ಮೇಲೆಯೇ ನಾಯಿಗೆ ಒಂದು ಗುರುತು. ಅದೇ ದಿನ ಅಥವಾ ಅದಾದ ಮೇಲೆ ಕೊಟ್ಟ ಇಂಜೆಕ್ಷನ್ ಮಾತ್ರ ಆ ಗುರುತಿಗೆ ಸೇರುತ್ತದೆ. ನಿಯಮದಲ್ಲಿ ಅರ್ಥ ಇದೆ, ನಾನು ಅದನ್ನು ದೂರುವುದಿಲ್ಲ. ಆದರೆ ಚಿಪ್ ಹಾಕಿಸುವಾಗ, ಇಂಜೆಕ್ಷನ್ ಹಾಕಿಸುವಾಗ ಒಬ್ಬರೂ ಈ ಮಾತು ಹೇಳಲಿಲ್ಲ.

ಮತ್ತೊಂದು ಇಂಜೆಕ್ಷನ್ ಹಾಕಿಸಿದರೆ ಮುಗಿಯುತ್ತದಾ? ಇಲ್ಲ. ಆ ಹೊಸ ಇಂಜೆಕ್ಷನ್ ಆಗಿ ಕನಿಷ್ಠ 30 ದಿನ ಕಾದು ರಕ್ತ ತೆಗೆಯಬೇಕು. ಒಕ್ಕೂಟ ಒಪ್ಪಿದ ಲ್ಯಾಬಿನಲ್ಲೇ ಪರೀಕ್ಷೆ ಆಗಬೇಕು. ರಕ್ತದಲ್ಲಿ ಆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯದ ಪ್ರಮಾಣ ಒಂದು ಮಿಲಿಲೀಟರಿಗೆ 0.5 ಯೂನಿಟ್ ಅಥವಾ ಜಾಸ್ತಿ ಬರಬೇಕು. ಬಂತು ಅಂದುಕೊಳ್ಳಿ, ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ಭಾರತದಂಥ ದೇಶಗಳಿಂದ ಬರುವ ನಾಯಿಗಳಿಗೆ ಇದು ಕಡ್ಡಾಯ. ದುಡ್ಡು ಕೊಟ್ಟರೂ, ಶಿಫಾರಸು ಮಾಡಿಸಿದರೂ ಈ ಮೂರು ತಿಂಗಳು ಕರಗುವುದಿಲ್ಲ. ಅಂದರೆ ಎಲ್ಲ ಸರಿಯಾಗಿ ನಡೆದರೂ ನಾಲ್ಕು ತಿಂಗಳು ಬೇಕೇ ಬೇಕು. ನಮಗೆ ವಿಷಯ ಗೊತ್ತಾದದ್ದು ಏಪ್ರಿಲ್ ಕೊನೆಗೆ. ಕಾಲ ಕೂಡಿ ಬರುವಾಗ ಆಲ್ಪ್ಸ್‌ನಲ್ಲಿ ಬೇಸಿಗೆ ಮುಗಿಯುತ್ತಾ ಬಂದಿತ್ತು. ನಾನು ಒಬ್ಬಳೇ ವಿಮಾನ ಹತ್ತಿದೆ. ದಾಸ ಅಪ್ಪನ ಜೊತೆ ಉಳಿದ. ಸಂಜೆ ಬಸ್ಸಿನ ಸದ್ದು ಕೇಳಿದರೆ ಓಡಿ ಹೋಗಿ ದಣಪೆ ಹತ್ತಿರ ಕೂರುತ್ತಾನೆ ಅಂತ ಅಪ್ಪ ಫೋನಿನಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿ ಫೋನ್ ಇಟ್ಟ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಕರೆಸಿಕೊಂಡೆವು. ಇಂಜೆಕ್ಷನ್ ಅವಧಿ ಮುಗಿಯುವ ಮೊದಲೇ ಮುಂದಿನದು ಹಾಕಿಸುತ್ತಾ ಹೋದರೆ ಆ ರಕ್ತ ಪರೀಕ್ಷೆ ಮತ್ತೆ ಬೇಡ. ಅದೊಂದು ಪುಣ್ಯ. ಗೋವಾ ವಿಮಾನ ನಿಲ್ದಾಣ ಹತ್ತಿರ ಅಂತ ನೀವು ಲೆಕ್ಕ ಹಾಕಿರಬಹುದು. ನಾವು ಬೆಂಗಳೂರಿಂದ ಹೋದೆವು. ಪ್ರಾಣಿಗಳ ಕ್ವಾರಂಟೈನ್ ಕಚೇರಿ ಬೆಂಗಳೂರಲ್ಲಿದೆ, ಮುಂಬೈಯಲ್ಲಿದೆ, ಅವರ ಪ್ರಮಾಣಪತ್ರ ಇಲ್ಲದೆ ನಾಯಿ ಹೊರಡುವುದಿಲ್ಲ. ಯುರೋಪಿಗೆ ಬೇಕಾದ ಆರೋಗ್ಯ ಪತ್ರ ಕೊಟ್ಟ ದಿನದಿಂದ 10 ದಿನದೊಳಗೆ ಅಲ್ಲಿಗೆ ಮುಟ್ಟಬೇಕು. ನಿಮ್ಮ ಲ್ಯಾಬ್ರಡಾರ್‌ಗೆ ಸೀಟಿನ ಹತ್ತಿರ ಜಾಗ ಸಿಗುವುದಿಲ್ಲ, ಅಷ್ಟು ತೂಕದ ನಾಯಿ ಕೆಳಗೆ ಸಾಮಾನು ಇಡುವ ಭಾಗದಲ್ಲೇ ಹೋಗಬೇಕು. ಎದ್ದು ನಿಂತು ತಿರುಗುವಷ್ಟು ದೊಡ್ಡ ಪೆಟ್ಟಿಗೆ ಬೇಕು. ತಿಂಗಳುಗಟ್ಟಲೆ ಮೊದಲೇ ಆ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ಊಟ ಅದರೊಳಗೇ ಹಾಕಿ. ನಿದ್ದೆ ಮಾತ್ರೆ ಕೊಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ವಿಮಾನದಲ್ಲಿ ಅದು ಉಸಿರಾಟಕ್ಕೆ, ಹೃದಯಕ್ಕೆ ಕುತ್ತು.

ಇನ್ನು ಬೆಟ್ಟದ ವಿಷಯ. ಇನ್ಸ್‌ಬ್ರುಕ್ ಊರು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಶಿರಸಿಯಷ್ಟೇ. ಆದರೆ ಊರ ಬೆನ್ನಿಗೇ ಹಾಫೆಲೆಕಾರ್ ಶಿಖರ 2,300 ಮೀಟರ್ ದಾಟಿ ನಿಂತಿದೆ. ದಾರಿಯೆಲ್ಲ ಸುಣ್ಣಕಲ್ಲಿನ ಚೂರು. ಕೆಸರಲ್ಲಿ, ತರಗೆಲೆ ಮೇಲೆ ಓಡಿದ ಕಾಲು ಅದು. ಮೊದಲ ಸಲ ಇಳಿಯುವಾಗ ದಾಸ ಹಿಂದೆ ಬಿದ್ದ. ಕೂರಿಸಿ ಪಾದ ತಿರುಗಿಸಿ ನೋಡಿದೆ. ಮುಂಗಾಲಿನ ದೊಡ್ಡ ಮೆತ್ತೆಯ ಕಪ್ಪು ಚರ್ಮ ಒಂದು ಅಂಚಿನಿಂದ ಎದ್ದು ಜೋತಾಡುತ್ತಿತ್ತು. ಕೆಳಗೆ ಗುಲಾಬಿ ಮಾಂಸ, ಅದಕ್ಕೆ ಹರಳಿನಷ್ಟು ಸಣ್ಣ ಕಲ್ಲು ಕಚ್ಚಿಕೊಂಡಿತ್ತು. ಅವನು ಕುಂಯ್ ಅನ್ನಲೂ ಇಲ್ಲ. ನಾವು ನಡೆದರೆ ನಾಯಿ ನಡೆಯುತ್ತದೆ, ನೋವಾಯಿತು ಅಂತ ಹೇಳುವುದಿಲ್ಲ. ನಮ್ಮನೆಯವರು ಕಾರಿನವರೆಗೂ ಹೊತ್ತುಕೊಂಡು ಬಂದರು.

ಅದಕ್ಕಿಂತ ಭಯವಾದದ್ದು ಹಸುಗಳಿಂದ. ಬೇಸಿಗೆಯಲ್ಲಿ ಅಲ್ಲಿಯ ಹಸುಗಳು ಕರು ಕಟ್ಟಿಕೊಂಡು ಮೇಲಿನ ಹುಲ್ಲುಗಾವಲಲ್ಲಿ ಇರುತ್ತವೆ, ಚಾರಣದ ದಾರಿ ಅವುಗಳ ಮಧ್ಯದಲ್ಲೇ ಹೋಗುತ್ತದೆ. ದಾಸನಿಗೆ ಹಸು ಅಂದರೆ ಮನೆಮಂದಿ. ಬಾಲ ಅಲ್ಲಾಡಿಸುತ್ತಾ ಸೀದಾ ಒಂದು ಕರುವಿನ ಮುಖ ಮೂಸಲು ಹೋದ. ತಾಯಿ ಹಸು ತಲೆ ತಗ್ಗಿಸಿತು, ಉಳಿದವು ಮೇವು ಬಿಟ್ಟು ನಮ್ಮ ಕಡೆ ತಿರುಗಿದವು. ಅವುಗಳ ಕಣ್ಣಿಗೆ ನಾಯಿ ಅಂದರೆ ತೋಳವೇ. ಹಗ್ಗ ಬಿಡು ಅಂತ ನಮ್ಮನೆಯವರು ಕೂಗಿದರು, ಬಿಟ್ಟೆ. ದಾಸ ಓಡಿದ, ಗುಂಪು ಅವನ ಹಿಂದೆ ಹೋಯಿತು, ನಾವು ಬೇಲಿ ದಾಟಿದೆವು. ಅವನು ತಂತಿಯ ಅಡಿಯಿಂದ ನುಸುಳಿ ಬಂದು ನನ್ನ ಕಾಲ ಸಂದಿಯಲ್ಲಿ ಕೂತ.

ಇದು ಬರೀ ನಮ್ಮ ಭಯ ಅಲ್ಲ. 2014ರ ಜುಲೈನಲ್ಲಿ ಇನ್ಸ್‌ಬ್ರುಕ್ ಇರುವ ಟಿರೋಲ್ ಪ್ರಾಂತ್ಯದ ಪಿನ್ನಿಸ್ ಕಣಿವೆಯಲ್ಲಿ ನಾಯಿ ಜೊತೆ ನಡೆಯುತ್ತಿದ್ದ ಜರ್ಮನಿಯ ಮಹಿಳೆಯೊಬ್ಬರು ಹಸುಗಳ ತುಳಿತಕ್ಕೆ ಸಿಕ್ಕಿ ತೀರಿಕೊಂಡರು. ನಾಯಿಯ ಹಗ್ಗ ಅವರ ಸೊಂಟಕ್ಕೆ ಸಿಕ್ಕಿಸಿತ್ತು. ಕೇಸು ಆಸ್ಟ್ರಿಯಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ಹಸುಗಳ ಒಡೆಯನಾದ ರೈತನದ್ದೂ ಆ ಮಹಿಳೆಯದ್ದೂ ಸಮಪಾಲು ಹೊಣೆ ಅಂತ ತೀರ್ಮಾನವಾಯಿತು. ಹಗ್ಗವನ್ನು ಮೈಗೆ ಕಟ್ಟಿಕೊಳ್ಳಬೇಡಿ, ಹಸು ಮೇಲೆ ಬಂದರೆ ನಾಯಿಯನ್ನು ಬಿಟ್ಟುಬಿಡಿ. ನಾಯಿ ತಪ್ಪಿಸಿಕೊಳ್ಳುತ್ತದೆ, ನಮಗೆ ಅಷ್ಟು ಓಡಲು ಆಗುವುದಿಲ್ಲ.

ಹಾಗಾಗಿ ನನ್ನ ಉತ್ತರ: ಎರಡು ವಾರಕ್ಕೆ ಕರೆದುಕೊಂಡು ಹೋಗಬೇಡಿ. ಮೇ ತಿಂಗಳಲ್ಲಂತೂ ಬೇಡವೇ ಬೇಡ, ಎತ್ತರದ ದಾರಿಗಳಲ್ಲಿ ಆಗ ಇನ್ನೂ ಹಿಮ ಇರುತ್ತದೆ, ಮೇಲಿನ ತಂಗುಮನೆಗಳು ಹೆಚ್ಚಾಗಿ ತೆರೆಯುವುದೇ ಜೂನ್ ಮಧ್ಯದ ಹೊತ್ತಿಗೆ. ದಾಸ ಅಲ್ಲಿಗೆ ಬಂದ ಮೇಲೆ ಸರಿಯಾಗಿ ಊಟ ಮಾಡಲು, ರಾತ್ರಿ ನೆಮ್ಮದಿಯಾಗಿ ಮಲಗಲು ತುಂಬಾ ದಿನ ಹಿಡಿಯಿತು. ನಿಮ್ಮವನು ಸುಧಾರಿಸಿಕೊಳ್ಳುವಷ್ಟರಲ್ಲಿ ಮತ್ತೆ ಪೆಟ್ಟಿಗೆ, ಮತ್ತೆ ವಿಮಾನ. ವಾಪಸ್ ಬರಲೂ ಕ್ವಾರಂಟೈನ್ ಇಲಾಖೆಯ ಒಪ್ಪಿಗೆ ಪತ್ರ ಮೊದಲೇ ಬೇಕು. ಬಿಟ್ಟು ಹೋಗಲು ಮನಸ್ಸಿಲ್ಲ ಅನ್ನುವುದು ನಿಮ್ಮ ಸಂಕಟ, ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ಪೆಟ್ಟಿಗೆಯಲ್ಲಿ ಕೂರಬೇಕಾದವನು ಅವನು ಅಲ್ವಾ? ಶಿಖರ, ಹಿಮ ನೋಡಿ ದಾಸ ಒಮ್ಮೆಯೂ ಕುಣಿಯಲಿಲ್ಲ. ಸಂಜೆ ಇನ್ ನದಿ ದಂಡೆಯಲ್ಲಿ ಕೋಲು ಎಸೆದರೆ ಕುಣಿಯುತ್ತಿದ್ದ. ನಿಮಗೆ ಮನೆ ಹತ್ತಿರವೇ ಸಮುದ್ರ ಇದೆ. ಅವನಿಗೆ ರಜೆ ಕೊಡಬೇಕೆಂದರೆ ಬಿಸಿಲೇರುವ ಮೊದಲು ಮಾಜಾಳಿ ಕಡಲ ತೀರಕ್ಕೆ ಕರೆದುಕೊಂಡು ಹೋಗಿ. ಆಲ್ಪ್ಸ್‌ಗೆ ನೀವು ಹೋಗಿ ಬನ್ನಿ. ಅವನನ್ನು ಮರಿಯಿಂದ ಬಲ್ಲವರು ಯಾರಾದರೂ ನಿಮ್ಮ ಮನೆಗೇ ಬಂದು ಇರಲಿ. ಅವನನ್ನು ಬೇರೆ ಕಡೆ ಬಿಡಬೇಡಿ.

ಆರು ತಿಂಗಳೋ ವರ್ಷವೋ ಅಲ್ಲಿ ಇರುವ ಯೋಚನೆ ಇದ್ದರೆ ಮಾತು ಬೇರೆ. ಆಗ ಖಂಡಿತ ಕರೆದುಕೊಂಡು ಹೋಗಿ. ಆಸ್ಟ್ರಿಯಾದ ರೈಲಿಗೆ ಬಾಯಿಕುಕ್ಕೆ ಬೇಕು, ಅದನ್ನೂ ಇಲ್ಲಿಂದಲೇ ರೂಢಿ ಮಾಡಿಸಿ. ಚಿಪ್ ಹಾಕಿದ ಮೇಲೆ ಓದುವ ಯಂತ್ರವನ್ನು ನಿಮ್ಮ ಎದುರೇ ಕುತ್ತಿಗೆ ಮೇಲೆ ಆಡಿಸಲು ಹೇಳಿ. ನಂಬರ್ ಬಂದು, ಅದು ತಾರೀಖಿನ ಜೊತೆ ಪುಸ್ತಕದಲ್ಲಿ ಏರಿದ ಮೇಲೆಯೇ ಇಂಜೆಕ್ಷನ್ ಸಿರಿಂಜು ಹೊರಗೆ ಬರಲಿ. ನಿಮ್ಮವನಿಗೆ ಈಗಾಗಲೇ ಚಿಪ್ ಇದೆಯಾ, ಕೊನೆಯ ಇಂಜೆಕ್ಷನ್ ಯಾವಾಗ ಆಯಿತು, ಎರಡೂ ತಾರೀಖು ಕೆಳಗೆ ಬರೆಯಿರಿ. ಯಾವ ತಿಂಗಳಿಗೆ ಹೊರಡಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.